ಮುನ್ನೂರು ಬೀಜ, ಒಂದು ಸೀನು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಜನ ಹೇಳುತ್ತಾರೆ. ಇದು ತಪ್ಪು ಅಳತೆ. ನನ್ನ ಕೋಪ ಹೊಟ್ಟೆಯಲ್ಲಿ ಹುಟ್ಟಿ, ಎದೆಯಲ್ಲಿ ಬಿಸಿಯಾಗಿ, ಕಿವಿಯಲ್ಲಿ ಕೆಂಪಾಗಿ, ಆಮೇಲೆ ಮೂಗಿಗೆ ಬರುತ್ತದೆ. ಅಷ್ಟು ದೂರದ ಪ್ರಯಾಣವನ್ನು ಯಾರೂ ಗಮನಿಸುವುದಿಲ್ಲ ಎನ್ನುವುದಕ್ಕೇ ನನಗೆ ಇನ್ನಷ್ಟು ಸಿಟ್ಟು. ಸಂಜೆ ಕಚೇರಿಯಿಂದ ಬಂದು ಚಪ್ಪಲಿ ಬಿಡುವ ಸದ್ದು ಕೇಳಿದರೆ ಸಾಕು, ನನ್ನ ಹೆಂಡತಿ ಅಡುಗೆಮನೆಯಿಂದಲೇ, "ಇವತ್ತು ಯಾರ ಮೇಲೆ?" ಎಂದು ಕೇಳುತ್ತಾಳೆ. ನಾನು ಯಾರೆಂದು ಹೇಳುತ್ತೇನೆ. ಅವಳು ಚಹಾ ತರುತ್ತಾಳೆ. ಹದಿನೆಂಟು ವರ್ಷದ ಸಂಸಾರ ಹೀಗೇ ನಡೆದುಕೊಂಡು ಬಂದಿದೆ.

ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್. ಅಂಗಡಿಗಳ ತಕ್ಕಡಿ ಸರಿಯಾಗಿದೆಯೇ, ಪೊಟ್ಟಣದ ಮೇಲೆ ಬರೆದಷ್ಟು ಸಾಮಾನು ಒಳಗೆ ಇದೆಯೇ, ಬರೆದ ಅಕ್ಷರ ಓದಲು ಬರುವಷ್ಟು ದೊಡ್ಡದಿದೆಯೇ ಎಂದು ನೋಡುವುದು ನನ್ನ ಕೆಲಸ. ಪೇಟೆಯಲ್ಲಿ ನನಗೆ 'ಕೂದಲೆಳೆ' ಎಂದು ಹೆಸರು. ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ಆಚೀಚೆ ಇದ್ದರೂ ನಾನು ಬಿಡುವವನಲ್ಲ. ಅಂಗಡಿಯವರು ಅದನ್ನು ಬೈಗುಳವಾಗಿ ಇಟ್ಟರು, ನಾನು ಬಿರುದಾಗಿ ಇಟ್ಟುಕೊಂಡೆ.

ಅನಾಹುತ ಶುರುವಾದದ್ದು ಪಕ್ಕದ ಮನೆಯ ಗುಲಾಬಿಯಿಂದ. ಅಲ್ಲಿರುವವರು ನಿವೃತ್ತ ಪೋಸ್ಟ್‌ಮಾಸ್ಟರು. ಅವರ ಹಿತ್ತಿಲಿಗೂ ನಮ್ಮ ಹಿತ್ತಿಲಿಗೂ ನಡುವೆ ಎದೆಮಟ್ಟದ ಗೋಡೆ. ಆ ಕಡೆ ಗುಲಾಬಿ, ಈ ಕಡೆ ಬಟ್ಟೆ ಒಣಗಿಸುವ ಹಗ್ಗ. ಚಳಿ ಇಳಿಯುತ್ತಿದ್ದ ಒಂದು ಭಾನುವಾರ ನಮ್ಮ ಸಾಹೇಬರು ಆ ದಾರಿಯಲ್ಲಿ ಬಂದವರು, ಒಂದು ಕಡತ ಕೇಳಿಕೊಂಡು ನಮ್ಮ ಮನೆಗೆ ಬಂದರು. ಹಿತ್ತಿಲಲ್ಲಿ ಕುರ್ಚಿ ಹಾಕಿದೆ. ಅವರು ನನ್ನ ಕುರ್ಚಿಯಲ್ಲಿ ಕುಳಿತು, ನನ್ನ ಮನೆಯ ಚಹಾ ಕುಡಿದು, ಕತ್ತನ್ನು ಮಾತ್ರ ಗೋಡೆಯಾಚೆಗೆ ಚಾಚಿ ಅರ್ಧ ಗಂಟೆ ಗುಲಾಬಿಯನ್ನು ಹೊಗಳಿದರು.

"ನಿಮ್ಮದು ಏನೂ ಇಲ್ವೇನ್ರೀ?" ಎಂದು ಕೊನೆಗೆ ಕೇಳಿದರು.

ನಮ್ಮ ಹಗ್ಗದ ಮೇಲೆ ಆಗ ನನ್ನ ಮೂರು ಬನಿಯನ್ನುಗಳು ಒಣಗುತ್ತಿದ್ದವು. ಹೊಟ್ಟೆಯಲ್ಲಿ ಉರಿ ಎದ್ದಿತು.

"ಇದೆ ಸಾರ್. ಓರಿಯಂಟಲ್ ಪಾಪಿ ಹಾಕ್ತಾ ಇದ್ದೀನಿ. ಊಟದ ತಟ್ಟೆಯಷ್ಟು ಅಗಲದ ಹೂ. ಇನ್ನು ಮೂರು ತಿಂಗಳು ಬಿಟ್ಟು ಬನ್ನಿ, ಗುಲಾಬಿ ಅನ್ನೋ ಹೆಸರೇ ಮರೆತುಹೋಗುತ್ತೆ ನಿಮಗೆ."

ಆ ಹೂವನ್ನು ನಾನು ನೋಡಿದ್ದು ಕಚೇರಿಯ ಕ್ಯಾಲೆಂಡರಿನಲ್ಲಿ. ಗಸಗಸೆಯ ಜಾತಿ, ಆದರೆ ಅಡುಗೆಗೆ ಬರುವ ಗಸಗಸೆಯಲ್ಲ. ಬರೀ ಅಂದಕ್ಕೆ ಬೆಳೆಸುವುದು. ಕೆಂಪೆಂದರೆ ಕೆಂಪು, ಒಳಗೆ ಕಪ್ಪು ಮಚ್ಚೆ. ಮೂರು ತಿಂಗಳು ಎನ್ನುವ ಲೆಕ್ಕ ನನ್ನ ಬಾಯಿಗೆ ಎಲ್ಲಿಂದ ಬಂತೋ ಗೊತ್ತಿಲ್ಲ. ಆ ಪುಟದಲ್ಲಿ ಹೂವಿನ ಕೆಳಗೆ ಮೂರು ತಿಂಗಳ ತಾರೀಖುಗಳಿದ್ದವು, ಅದರಿಂದ ಇರಬೇಕು. ಗೋಡೆಯಾಚೆಯಿಂದ ಪೋಸ್ಟ್‌ಮಾಸ್ಟರು ಕೆಮ್ಮಿದ್ದು ಕೇಳಿಸಿತು. ಅದು ನೆಗಡಿಯ ಕೆಮ್ಮಲ್ಲ ಎಂದು ನನಗೆ ಚೆನ್ನಾಗಿ ಗೊತ್ತು.

ಮರುದಿನವೇ ಬೀಜದಮ್ಮನ ಅಂಗಡಿಗೆ ಹೋದೆ. ಪೇಟೆಯ ಕೊನೆಯಲ್ಲಿ ಎರಡು ಬಾಗಿಲಿನ ಅಂಗಡಿ. ಗೋಡೆಯುದ್ದಕ್ಕೂ ಸಣ್ಣ ಸಣ್ಣ ಮರದ ಡ್ರಾಯರುಗಳು, ಒಂದೊಂದರಲ್ಲಿ ಒಂದೊಂದು ಬೀಜ. ಚಮಚದಲ್ಲಿ ತೆಗೆದು, ತೂಗಿ, ಕಾಗದದಲ್ಲಿ ಮಡಿಸಿ ಕೊಡುವುದೇ ಆಕೆಯ ವ್ಯಾಪಾರ. ಕೆಲವು ದುಬಾರಿ ಬೀಜ ಮಾತ್ರ ಮುಚ್ಚಿದ ಪೊಟ್ಟಣದಲ್ಲಿ ಬರುತ್ತಿತ್ತು. ನನಗೆ ಬೇಕಾದದ್ದು ಅಂಥದ್ದು. ಪೊಟ್ಟಣದ ಮೇಲೆ 'ಮುನ್ನೂರು ಬೀಜಗಳು' ಎಂದಿತ್ತು.

"ಇದು ಸ್ವಲ್ಪ ಹಟಮಾರಿ ಗಿಡ ಸ್ವಾಮಿ," ಎಂದು ಬೀಜದಮ್ಮ ಶುರುಮಾಡಿದಳು. "ಹಾಕೋವಾಗ ಮೂರು ವಿಷಯ ನೆನಪಿಟ್ಕೊಳ್ಳಿ."

ಅಷ್ಟರಲ್ಲಿ ನನ್ನ ಕಣ್ಣು ಆಕೆಯ ತಕ್ಕಡಿಯ ಮೇಲೆ ಬಿದ್ದಿತ್ತು. ಹಳೆಯ ಹಿತ್ತಾಳೆಯ ತಕ್ಕಡಿ. ಹಳೆಯ ತಕ್ಕಡಿ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಚೀಲದಿಂದ ಇಲಾಖೆಯ ತೂಕದ ಕಲ್ಲುಗಳನ್ನು ತೆಗೆದು ಒಂದೊಂದಾಗಿ ಇಟ್ಟು ನೋಡತೊಡಗಿದೆ. ಆಕೆ ಮಾತಾಡುತ್ತಲೇ ಇದ್ದಳು. ಕೈ ಆಡಿಸಿ ಏನೋ ತೋರಿಸಿದಳು, ಬೆರಳೆತ್ತಿ ಎರಡು ಎಂದಳು, ಬಿಸಿಲು ಎಂದಳು. ನಾನು ಮುಳ್ಳಿನ ಮೇಲೆ ಕಣ್ಣಿಟ್ಟು ಹೂಂಗುಟ್ಟಿದೆ. ತಕ್ಕಡಿ ಸರಿಯಾಗಿತ್ತು. ಇದರಿಂದ ನನಗೆ ಸ್ವಲ್ಪ ನಿರಾಸೆಯಾಯಿತು. ಕೊನೆಗೆ ಪೊಟ್ಟಣವನ್ನಾದರೂ ನೋಡೋಣವೆಂದು ಹಿಂದೆ ತಿರುಗಿಸಿದೆ. ಅಲ್ಲಿ ಸಣ್ಣ ಅಕ್ಷರದಲ್ಲಿ ಐದಾರು ಸಾಲು ಇತ್ತು. ಅಳತೆಪಟ್ಟಿ ಇಟ್ಟು ಅಕ್ಷರದ ಎತ್ತರ ಅಳೆದೆ. ನಿಯಮಕ್ಕೆ ಸರಿಯಾಗಿತ್ತು. ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು ಹೊರಟೆ.

"ನೆನಪಿರುತ್ತಲ್ಲ ಸ್ವಾಮಿ?" ಎಂದಳು.

"ನನಗೆ ಹೇಳಿಕೊಡಬೇಕಾ?" ಎಂದೆ.

ಬಿತ್ತನೆಯನ್ನು ನಾನು ಮಾಡಿದಷ್ಟು ಶಾಸ್ತ್ರೋಕ್ತವಾಗಿ ಯಾರೂ ಮಾಡಿರಲಾರರು. ಗೋಡೆಯ ಪಕ್ಕ ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ಪಾತಿ. ದಾರ ಕಟ್ಟಿ ನೇರ ಸಾಲು. ಸಾಲಿನಲ್ಲಿ ಎರಡೂವರೆ ಸೆಂಟಿಮೀಟರ್ ಆಳದ ಕಾಲುವೆ, ಎಲ್ಲಿಯೂ ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಪೊಟ್ಟಣ ಒಡೆದೆ. ಬೀಜವೆಂದರೆ ಅದೇನು ಬೀಜ, ನಶ್ಯದಂಥ ಪುಡಿ. ಅರ್ಧದಷ್ಟನ್ನು ಕಾಲುವೆಗೆ ಹಾಕಿ ಮಣ್ಣು ಮುಚ್ಚಿ ಹಲಗೆಯಿಂದ ತಟ್ಟಿದೆ. ಉಳಿದರ್ಧ ಅಂಗೈಯಲ್ಲಿತ್ತು. ಆ ಕ್ಷಣಕ್ಕೆ ಸರಿಯಾಗಿ ನನ್ನ ಹೆಂಡತಿ ಹಗ್ಗದ ಮೇಲೆ ಜಮಖಾನ ಹಾಕಿ ಕೋಲಿನಿಂದ ಬಾರಿಸಿದಳು.

ಆ ಜಮಖಾನದಲ್ಲಿ ಒಂದು ವರ್ಷದ ಧೂಳಿತ್ತು. ನಾನು ಸೀನಿದೆ. ಕಣ್ಣು ತೆರೆದಾಗ ಅಂಗೈ ಖಾಲಿ. ಗೋಡೆಯಾಚೆ ಪೋಸ್ಟ್‌ಮಾಸ್ಟರು ಗುಲಾಬಿಗೆಂದು ಜರಡಿ ಹಿಡಿದು ಹರಡಿದ್ದ ನುಣುಪಾದ ಮಣ್ಣಿನ ಮೇಲೆ ಒಂದು ತೆಳು ಮಸಿ ಇಳಿಯುತ್ತಿತ್ತು.

"ಬಡಿಯೋಕೆ ಬೇರೆ ದಿನ ಇರಲಿಲ್ವಾ ನಿನಗೆ?" ಎಂದು ಕೂಗಿದೆ.

"ಸೀನೋಕೆ ಬೇರೆ ದಿಕ್ಕು ಇರಲಿಲ್ವಾ ನಿಮಗೆ?" ಎಂದಳು.

ನಾನು ಕೋಪದಲ್ಲೂ ಕರ್ತವ್ಯ ಮರೆಯುವವನಲ್ಲ. ಟಿಪ್ಪಣಿ ಪುಸ್ತಕ ತೆಗೆದು ತಾರೀಖು, ವೇಳೆ, ಗಾಳಿಯ ದಿಕ್ಕು ಬರೆದು, 'ಸೀನಿನಿಂದ ನಷ್ಟವಾದ ಬೀಜ: ಅಂದಾಜು ನೂರೈವತ್ತು' ಎಂದು ಷರಾ ಹಾಕಿದೆ.

ಹದಿನೈದು ದಿನವಾಯಿತು, ಪಾತಿಯಲ್ಲಿ ಏನೂ ಏಳಲಿಲ್ಲ. ತಿಂಗಳಾಯಿತು, ಇಲ್ಲ. ಎರಡು ತಿಂಗಳಾಯಿತು. ಕಚೇರಿಯಲ್ಲಿ ಸಾಹೇಬರು ಪ್ರತಿ ಸೋಮವಾರ ಎಲ್ಲರ ಮುಂದೆ, "ತಟ್ಟೆ ಹೂ ಎಲ್ಲಿಗೆ ಬಂತ್ರೀ?" ಎನ್ನುವರು. ಗುಮಾಸ್ತರು ಕಡತದೊಳಗೆ ಮುಖ ಹುದುಗಿಸಿ ನಗುವರು. ಒಬ್ಬನಂತೂ ನನ್ನ ಮೇಜಿನ ಮೇಲೆ ನಿಜವಾಗಿ ಒಂದು ಊಟದ ತಟ್ಟೆಯನ್ನೇ ಇಟ್ಟುಹೋಗಿದ್ದ. ಮೂರನೇ ತಿಂಗಳು ತುಂಬಿದ ದಿನ ನನ್ನ ನಾಲಿಗೆ ಜಾರಿತು.

"ಬೀಜ ಮೋಸ ಸಾರ್. ಒಂದೂ ಮೊಳೆಯಲಿಲ್ಲ."

"ಹೌದಾ?" ಸಾಹೇಬರು ಕನ್ನಡಕ ತೆಗೆದರು. "ಹಾಗಾದ್ರೆ ನೋಟಿಸ್ ಕೊಟ್ಟಿರಬೇಕಲ್ಲ ನೀವು. ನೀವು ಬಿಡೋ ಪೈಕಿ ಅಲ್ವಲ್ಲ."

ಎಲ್ಲರೂ ಕಡತದಿಂದ ಮುಖ ಎತ್ತಿದರು. ಹಿಂದೆ ಸರಿಯಲು ಜಾಗವಿರಲಿಲ್ಲ. ಅಂದೇ ಮಧ್ಯಾಹ್ನ ನೋಟಿಸ್ ಬರೆದೆ. ನನ್ನ ಜೀವನದಲ್ಲೇ ಅಷ್ಟು ಚೆಂದದ ನೋಟಿಸ್ ನಾನು ಬರೆದಿರಲಿಲ್ಲ. ಮೊಳೆಯದ ಬೀಜ ಬೀಜವೇ ಅಲ್ಲ, ಪೊಟ್ಟಣದ ಮೇಲೆ ಮುನ್ನೂರು ಎಂದಿದೆ, ಮೊಳೆತದ್ದು ಸೊನ್ನೆ, ಆದ್ದರಿಂದ ಘೋಷಿತ ಸಂಖ್ಯೆಗಿಂತ ಮುನ್ನೂರು ಕಡಿಮೆ ಕೊಟ್ಟು ಗ್ರಾಹಕನನ್ನು ವಂಚಿಸಲಾಗಿದೆ. ಬಿತ್ತಿದ್ದು ನೂರೈವತ್ತೇ ಎಂದು ನನ್ನ ಪುಸ್ತಕ ಹೇಳುತ್ತಿತ್ತು. ಪುಸ್ತಕವನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದೆ.

ನೋಟಿಸ್ ಎಂದಮೇಲೆ ವಿಚಾರಣೆ ಮುಗಿಯುವ ತನಕ ಅಂಗಡಿಯ ತಕ್ಕಡಿಗೆ ಮುದ್ರೆ. ತಪ್ಪು ಸಾಬೀತಾದರೆ ಅಂಗಡಿಯ ಪರವಾನಗಿ ರದ್ದು. ನೋಟಿಸೇ ಸುಳ್ಳೆಂದು ಸಾಬೀತಾದರೆ ಇನ್ಸ್‌ಪೆಕ್ಟರನ ಅಧಿಕಾರ ಕಿತ್ತುಕೊಂಡು ಅವನನ್ನು ಜಪ್ತಿ ಮಾಲಿನ ಗೋದಾಮಿಗೆ ಹಾಕುವುದು. ಈ ಎರಡನೆಯದು ನಮ್ಮ ಇಲಾಖೆಯಲ್ಲಿ ಎಂದೂ ಆಗಿರಲಿಲ್ಲ.

ನಾನು ತಂತಿ ಸುತ್ತಿ ಸೀಸದ ಮುದ್ರೆ ಒತ್ತುವಾಗ ಬೀಜದಮ್ಮ ಕೂಗಾಡಲಿಲ್ಲ, ಅಳಲಿಲ್ಲ. ಕೂಗಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಮೇಲೆ ಉದುರಿಸಿದ್ರಾ ಸ್ವಾಮಿ?" ಎಂದಳು.

"ಪ್ರಶ್ನೆ ಕೇಳೋನು ನಾನು," ಎಂದೆ.

"ನನ್ನ ಹತ್ರ ಇರೋದು ಇದೊಂದೇ ತಕ್ಕಡಿ. ಇದಿಲ್ಲದಿದ್ರೆ ಡ್ರಾಯರು ತೆಗೆಯೋ ಹಾಗಿಲ್ಲ."

"ನಿಯಮ ನಿಯಮವೇ," ಎಂದು ಹೇಳಿ ಹೊರಬಿದ್ದೆ. ದಾರಿಯುದ್ದಕ್ಕೂ ನನಗೆ ಆಕೆಯ ಮೇಲೆ ಸಿಟ್ಟು ಕುದಿಯುತ್ತಿತ್ತು. ಅಷ್ಟು ಸಮಾಧಾನವಾಗಿ ಮಾತಾಡಲು ಆಕೆಗೆ ಏನು ಅಧಿಕಾರ?

ಮನೆಗೆ ಬಂದಾಗ ಹೆಂಡತಿ, "ಇವತ್ತು ಯಾರ ಮೇಲೆ?" ಎಂದು ಕೇಳಿದಳು. ಹೇಳಿದೆ. ಚಹಾ ಬರಲಿಲ್ಲ.

"ಆ ಅಮ್ಮನ ಮೇಲಾ? ಹೋಗಿ ಬಿಚ್ಚಿಕೊಟ್ಟು ಬನ್ನಿ."

"ಆಗಲ್ಲ."

"ಆಗ್ಲಿ ಬಿಡಿ," ಎಂದಳು. ಅಂದಿನಿಂದ ಊಟಕ್ಕೆ ಕುಳಿತಾಗಲೆಲ್ಲ ಸೌಟು ಹಿಡಿದು, "ಎಷ್ಟು ಗ್ರಾಂ ಬಡಿಸಲಿ?" ಎಂದು ಕೇಳತೊಡಗಿದಳು. ಇದು ಒಂದು ವರ್ಷ ನಡೆಯಿತು. ಯಾಕೆಂದರೆ ನಮ್ಮ ಇಲಾಖೆಯಲ್ಲಿ ವಿಚಾರಣೆ ಎನ್ನುವುದು ಯಾವ ಬೀಜಕ್ಕಿಂತಲೂ ನಿಧಾನವಾಗಿ ಮೊಳೆಯುತ್ತದೆ. ಒಮ್ಮೆ ಸಾಹೇಬರು ರಜೆ, ಒಮ್ಮೆ ಕಡತ ಬೇರೆ ಕಟ್ಟಡದಲ್ಲಿ, ಒಮ್ಮೆ ಕಡತ ಬಂದು ಸಾಹೇಬರು ಬೇರೆ ಕಟ್ಟಡದಲ್ಲಿ. ಅಲ್ಲಿಯತನಕ ನನ್ನ ಪಾತಿಯೇ ಸಾಕ್ಷ್ಯ. ಸುತ್ತ ತಂತಿ ಕಟ್ಟಿ, 'ಇಲಾಖೆಯ ಸಾಕ್ಷ್ಯ, ಮುಟ್ಟಬಾರದು' ಎಂದು ಬೋರ್ಡು ನಿಲ್ಲಿಸಿದೆ. ಸಾಕ್ಷ್ಯ ಕೆಡಬಾರದೆಂದು ಅದರಲ್ಲಿ ಎದ್ದ ಹುಲ್ಲನ್ನೆಲ್ಲ ದಿನಾ ಬೆಳಿಗ್ಗೆ ಕಿತ್ತೆ. ಏನೂ ಬೆಳೆಯದ ಜಾಗಕ್ಕೆ ಅಷ್ಟು ದುಡಿದವನು ನಾನೊಬ್ಬನೇ ಇರಬೇಕು.

ಹೀಗೆ ಹುಲ್ಲು ಕೀಳುತ್ತಿದ್ದಾಗಲೇ ಗೋಡೆಯಾಚೆಯ ಕಳೆ ನನ್ನ ಕಣ್ಣಿಗೆ ಬಿದ್ದದ್ದು. ಪೋಸ್ಟ್‌ಮಾಸ್ಟರ ಗುಲಾಬಿಯ ಮುಂದೆ ಹದಿನಾಲ್ಕು ಗಿಡಗಳು ನೆಲಕ್ಕೆ ಅಂಟಿಕೊಂಡು ಎದ್ದಿದ್ದವು. ಎಲೆ ಗರಗಸದಂತೆ ಹಲ್ಲುಹಲ್ಲು, ಮೈತುಂಬ ಬಿಳಿ ರೋಮ. ಇಷ್ಟು ಕುರೂಪದ ಗಿಡವನ್ನು ನಾನು ಕಂಡಿರಲಿಲ್ಲ. ಕ್ಯಾಲೆಂಡರಿನ ಚಿತ್ರದಲ್ಲಿ ಎಲೆ ಇರಲಿಲ್ಲ, ಬರೀ ಹೂವಿತ್ತು. ಈ ದರಿದ್ರ ಕಳೆ ಗೋಡೆ ದಾಟಿ ನನ್ನ ಸಾಕ್ಷ್ಯದೊಳಗೆ ನುಗ್ಗಿದರೆ ಗತಿಯೇನು?

"ರೀ ಪೋಸ್ಟ್‌ಮಾಸ್ಟರೇ, ಈ ಕಳೆ ಕಿತ್ತುಹಾಕಿ," ಎಂದೆ.

"ಬರೆದು ಕೊಡಿ," ಎಂದರು.

ಬರೆದು ಗೋಡೆಯ ಮೇಲಿಂದ ಚಾಚಿದೆ. ಅವರು ಕೈ ಹಿಂದೆ ಕಟ್ಟಿಕೊಂಡರು. "ಗೋಡೆ ಮೇಲಿಂದ ಬಂದದ್ದು ಕಾಗದ ಅಲ್ಲ ಇನ್ಸ್‌ಪೆಕ್ಟರೇ. ಅಂಚೆಯಲ್ಲಿ ಬರಲಿ."

ಮೂವತ್ತಾರು ವರ್ಷ ಅಂಚೆ ಕಚೇರಿಯಲ್ಲಿದ್ದ ಮನುಷ್ಯ. ನನ್ನ ಪತ್ರ ನಮ್ಮ ಬೀದಿಯಿಂದ ಹೊರಟು, ಊರಿನ ಆ ತುದಿಗೆ ಹೋಗಿ, ಮುದ್ರೆ ಒತ್ತಿಸಿಕೊಂಡು, ನಾಲ್ಕು ದಿನಕ್ಕೆ ನಮ್ಮ ಪಕ್ಕದ ಮನೆಗೆ ತಲುಪಿತು. ಅದರಲ್ಲಿ ನಾನು ಗಿಡಗಳ ಸಂಖ್ಯೆ, ಗೋಡೆಯಿಂದ ದೂರ, ಎಲೆಯ ಉದ್ದ, ಹಲ್ಲಿನ ಲೆಕ್ಕ, ರೋಮದ ಬಣ್ಣ ಎಲ್ಲ ಕೊಟ್ಟಿದ್ದೆ. ಇನ್ನು ನಾಲ್ಕು ದಿನಕ್ಕೆ ಉತ್ತರ ಬಂತು: 'ನನ್ನ ಹಿತ್ತಿಲಲ್ಲಿ ಏನು ಬೆಳೆಯಬೇಕೆಂದು ನಿರ್ಧರಿಸುವ ಅಧಿಕಾರ ತಮಗಿರುವುದಿಲ್ಲ. ತಾವು ಕಳೆ ಎಂದ ಕಾರಣಕ್ಕಾಗಿಯೇ ಸದರಿ ಗಿಡಗಳಿಗೆ ಇಂದಿನಿಂದ ಗೊಬ್ಬರ ಹಾಕಲಾಗುವುದು.'

ಹಾಕಿದರು. ನನ್ನ ಕಣ್ಣೆದುರಿಗೇ, ಹಾಡು ಗುನುಗುತ್ತ, ಹಾಕಿದರು.

ಬೇಸಿಗೆ ಬಲಿಯಿತು. ಒಂದು ವಾರದಲ್ಲಿ ಆ ಹದಿನಾಲ್ಕು ಗಿಡವೂ ಹಳದಿಯಾಗಿ, ಕಂದಾಗಿ, ನೆಲಕ್ಕೆ ಮಲಗಿ ಪುಡಿಯಾದವು. ನನಗಾದ ಸಂತೋಷಕ್ಕೆ ಅಳತೆಯಿಲ್ಲ. ಎರಡನೇ ಪತ್ರ ಹಾಕಿದೆ: 'ಸತ್ತದ್ದಕ್ಕೆ ಅಭಿನಂದನೆ.' ಪೋಸ್ಟ್‌ಮಾಸ್ಟರು ಹಟಕ್ಕೆ ಬಿದ್ದು ಆ ಒಣ ಜಾಗವನ್ನು ಅಗೆಯದೆ ಹಾಗೇ ಬಿಟ್ಟರು. ಬಿಸಿಲು ತಗ್ಗಿ ತಂಪು ಇಳಿದದ್ದೇ ತಡ, ಹದಿನಾಲ್ಕೂ ಎದ್ದು ಕುಳಿತವು, ಮೊದಲಿಗಿಂತ ದಪ್ಪ, ಮೊದಲಿಗಿಂತ ರೋಮ. ನಾನು ಹಲ್ಲು ಕಡಿದ ಸದ್ದು ಅಡುಗೆಮನೆಗೆ ಕೇಳಿತಂತೆ. ಆಮೇಲಿನ ತಿಂಗಳುಗಳಲ್ಲಿ ಹನ್ನೊಂದು ಪತ್ರ ಬರೆದೆ. ಕೊನೆಯದು ಹೀಗಿತ್ತು: 'ಸದರಿ ಕಳೆಯ ನಡುವಿನಿಂದ ಎಪ್ಪತ್ತು ಸೆಂಟಿಮೀಟರ್ ಎತ್ತರದ ಕಾಂಡ ಎದ್ದಿದ್ದು, ತುದಿಯಲ್ಲಿ ಕೋಳಿಮೊಟ್ಟೆ ಗಾತ್ರದ ರೋಮಭರಿತ ಗಂಟು ಜೋತುಬಿದ್ದಿದೆ. ರೋಗವಿರುವ ಸಂಭವ. ಸುಟ್ಟುಹಾಕತಕ್ಕದ್ದು.'

ಆ ಪತ್ರ ತಲುಪಿದ ಮೂರನೇ ದಿನಕ್ಕೆ ಸ್ಥಳ ತನಿಖೆ ನಿಗದಿಯಾಯಿತು. ಸಾಹೇಬರು ಬಂದು ಪಾತಿ ನೋಡಿ ತೀರ್ಪು ಬರೆಯುವುದು.

ಅಂದು ಬೆಳಿಗ್ಗೆ ಹುಲ್ಲು ಕೀಳಲು ಹಿತ್ತಿಲಿಗೆ ಹೋದವನು ಗೋಡೆಯಾಚೆ ನೋಡಿದೆ. ರೋಮದ ಗಂಟುಗಳಲ್ಲಿ ಐದರ ಸಿಪ್ಪೆ ಬಿರಿದು ಕೆಳಗೆ ಬಿದ್ದಿತ್ತು. ಒಳಗಿದ್ದದ್ದು ಇಸ್ತ್ರಿ ಮಾಡದ ರೇಷ್ಮೆಯ ಹಾಗೆ ಸುಕ್ಕು ಬಿಚ್ಚಿಕೊಳ್ಳುತ್ತಿತ್ತು. ಕೆಂಪೆಂದರೆ ಕೆಂಪು. ಒಳಗೆ ಕಪ್ಪು ಮಚ್ಚೆ. ಒಂದೊಂದು ಊಟದ ತಟ್ಟೆಯಷ್ಟು ಅಗಲ.

ಜಮಖಾನ ನೆನಪಾಯಿತು, ಸೀನು ನೆನಪಾಯಿತು, ಆ ತೆಳು ಮಸಿ ನೆನಪಾಯಿತು. ಅದು ನನ್ನ ಹೂ. ನನ್ನ ಹೂವೆಂದು ಬಾಯಿಬಿಟ್ಟರೆ ಬೀಜ ಮೊಳೆತಿದೆ ಎಂದಾಯಿತು, ನೋಟಿಸ್ ಸುಳ್ಳಾಯಿತು, ನಾನು ಗೋದಾಮಿಗೆ ಹೋದೆ. ಬಾಯಿ ಮುಚ್ಚಿಕೊಂಡರೆ ಕೂದಲೆಳೆಯ ಹೆಸರು ಉಳಿಯಿತು, ಬೀಜದಮ್ಮನ ಅಂಗಡಿ ಹೋಯಿತು. ಹಿಂದೆ ತಿರುಗಿದರೆ ಹೆಂಡತಿ ನಿಂತಿದ್ದಳು. ಹೂವನ್ನೂ ನೋಡಿದಳು, ನನ್ನನ್ನೂ ನೋಡಿದಳು.

"ಬಾಯಿ ಬಿಟ್ಟೀಯ ಜೋಕೆ," ಎಂದೆ.

"ನಾನ್ಯಾಕೆ ಬಿಡಲಿ? ಬಿಡಬೇಕಾದ ಬಾಯಿ ನನ್ನದಲ್ಲ," ಎಂದು ಒಳಗೆ ಹೋದಳು.

ಹತ್ತು ಗಂಟೆಗೆ ಸಾಹೇಬರು ಬಂದರು. ಬೀಜದಮ್ಮ ಬಂದಳು. ಒಂದು ವರ್ಷದಲ್ಲಿ ಆಕೆ ಇಳಿದುಹೋಗಿದ್ದಳು. ಮುಂಗೈಯ ಬಳೆ ಮೊಣಕೈಗೆ ಜಾರುತ್ತಿತ್ತು. ನಾನು ಪಾತಿಯತ್ತ ಕೈ ತೋರಿ ವಿವರಿಸಲು ಶುರುಮಾಡಿದೆ. ಸಾಹೇಬರು ಕೇಳುತ್ತಿರಲಿಲ್ಲ. ಕತ್ತು ಮತ್ತೆ ಗೋಡೆಯಾಚೆಗೆ ಹೋಗಿತ್ತು.

"ಕ್ಯಾಲೆಂಡರಿನಲ್ಲಿ ಇದ್ದದ್ದು ಇದೇ ಅಲ್ವೇನ್ರೀ?"

"ಕಳೆ ಸಾರ್," ಎಂದರು ಪೋಸ್ಟ್‌ಮಾಸ್ಟರು. ಅವರು ಆಗಲೇ ಆ ಕಡೆ ಒಂದು ದಪ್ಪ ಕಡತ ಹಿಡಿದು ನಿಂತಿದ್ದರು. "ನಿಮ್ಮ ಇನ್ಸ್‌ಪೆಕ್ಟರೇ ಲಿಖಿತವಾಗಿ ಕೊಟ್ಟಿದ್ದಾರೆ. ಹದಿಮೂರು ಪತ್ರ. ಎಲ್ಲದರ ಮೇಲೂ ಬಂದ ತಾರೀಖು ಹಾಕಿದ್ದೀನಿ. ಓದಲಾ?"

ಓದಿದರು. ಗರಗಸದ ಎಲೆ, ಬಿಳಿ ರೋಮ, ಕೋಳಿಮೊಟ್ಟೆ ಗಾತ್ರದ ಗಂಟು, ಸುಟ್ಟುಹಾಕತಕ್ಕದ್ದು. ಸಾಹೇಬರು ಗೋಡೆ ಹಿಡಿದುಕೊಂಡು ನಕ್ಕರು. ನನ್ನ ಕಿವಿ ಕೆಂಪಾಯಿತು. ಆದರೂ ಬಾಯಿ ಮುಚ್ಚಿಕೊಂಡೆ.

"ಏನೇ ಹೇಳಿ ಪೋಸ್ಟ್‌ಮಾಸ್ಟರೇ, ನಿಮ್ಮ ಕೈಗುಣವೇ ಕೈಗುಣ," ಎಂದು ಸಾಹೇಬರು ಕಣ್ಣೊರೆಸಿಕೊಂಡರು. ಆಮೇಲೆ ನಮ್ಮ ಪಾತಿಯನ್ನು ಒಂದು ಸಲ ನೋಡಿ ಪೆನ್ನಿನ ಮುಚ್ಚಳ ತೆಗೆದರು. "ಇಲ್ಲಿ ಏನೂ ಇಲ್ಲ. ಬೀಜ ಮೊಳೆತಿಲ್ಲ ಅನ್ನೋದು ಸ್ಪಷ್ಟ. ಪರವಾನಗಿ ರದ್ದು. ನೀವು ಏನಾದ್ರೂ ಹೇಳೋದು ಇದೆಯೇನಮ್ಮಾ?"

ನಾನು ಗೆದ್ದಿದ್ದೆ. ಪೆನ್ನು ಕಾಗದಕ್ಕೆ ಎರಡು ಬೆರಳು ದೂರದಲ್ಲಿತ್ತು.

ಬೀಜದಮ್ಮ ಸಾಹೇಬರನ್ನು ನೋಡಲಿಲ್ಲ. ಹೂವನ್ನು ನೋಡಿದಳು, ಆಮೇಲೆ ನನ್ನನ್ನು. "ನಾನು ಹೇಳೋದು ಏನಿದೆ? ಹೂ ಚೆನ್ನಾಗಿ ಬಂದಿದೆ. ಯಾರು ಬೆಳೆಸಿದ್ರೋ ಅವರ ಹೊಟ್ಟೆ ತಣ್ಣಗಿರಲಿ."

"ಬೆಳೆಸಿದ್ದು ನಾನಮ್ಮಾ," ಎಂದರು ಪೋಸ್ಟ್‌ಮಾಸ್ಟರು ಎದೆ ಮುಂದೆ ಮಾಡಿ. "ಈ ಬೀದಿಯಲ್ಲಿ ಇನ್ಯಾರಿಗೆ ಬರುತ್ತೆ?"

ಇಲ್ಲಿ ನಾನು ಓದುಗರಿಗೆ ಒಂದು ವಿಷಯ ಸ್ಪಷ್ಟಪಡಿಸಬೇಕು. ನನ್ನ ಆತ್ಮಸಾಕ್ಷಿ ಎಚ್ಚರವಾಯಿತು, ಆಕೆಯ ಬಳೆ ಕಂಡು ಮನಸ್ಸು ಕರಗಿತು ಎಂದೆಲ್ಲ ಹೇಳಿಕೊಳ್ಳಲು ನನಗೂ ಆಸೆಯಿದೆ. ಅಂಥದ್ದೇನೂ ಆಗಲಿಲ್ಲ. ಹೊಟ್ಟೆಯಲ್ಲಿ ಹುಟ್ಟಿದ್ದು ಎಲ್ಲಿಯೂ ನಿಲ್ಲದೆ ನೇರವಾಗಿ ಬಾಯಿಗೆ ಬಂತು.

"ಸುಳ್ಳು," ಎಂದು ಕಿರುಚಿದೆ. "ಬರೀ ಸುಳ್ಳು ಸಾರ್. ಇವರು ಬೆಳೆಸಿದ್ದಲ್ಲ. ನಾನು ಸೀನಿದ್ದು."

ಸಾಹೇಬರ ಪೆನ್ನು ನಿಂತಿತು.

"ಏನ್ರೀ ಅಂದ್ರಿ?"

"ಸೀನಿದೆ ಸಾರ್. ಬೀಜ ಹಾರಿಹೋಯ್ತು. ಆ ಹೂ ನನ್ನದು. ಹದಿನಾಲ್ಕು ಗಿಡವೂ ನನ್ನದು. ಈ ಮನುಷ್ಯ ಬರೀ ಗೊಬ್ಬರ ಹಾಕಿದ್ದು, ಅದೂ ನನ್ನ ಹೊಟ್ಟೆ ಉರಿಸೋಕೆ."

"ಅದಕ್ಕೆ ಸಾಕ್ಷಿ ಏನು?" ಎಂದರು ಪೋಸ್ಟ್‌ಮಾಸ್ಟರು.

"ಟಿಪ್ಪಣಿ ಪುಸ್ತಕ ಇದೆ," ಎಂದು ನನ್ನ ಹೆಂಡತಿ ಒಳಗಿನಿಂದ ಬಂದಳು. ಬೀಗ ಹಾಕಿದ ಡ್ರಾಯರಿನ ಪುಸ್ತಕ ಅವಳ ಕೈಯಲ್ಲಿತ್ತು. ಹೇಗೆಂದು ಕೇಳಬೇಡಿ.

ಸಾಹೇಬರು ಓದಿದರು. ತಾರೀಖು, ವೇಳೆ, ಗಾಳಿಯ ದಿಕ್ಕು, ನೂರೈವತ್ತು. ನಿಧಾನವಾಗಿ ನೋಟಿಸನ್ನೂ ಓದಿದರು. "ಇಲ್ಲಿ ಮೊಳೆತದ್ದು ಸೊನ್ನೆ ಅಂತ ಬರೆದಿದ್ದೀರಿ."

"ಹೌದು ಸಾರ್."

"ಉಳಿದ ನೂರೈವತ್ತು ಯಾಕೆ ಮೊಳೆಯಲಿಲ್ಲ?"

"ಎಷ್ಟು ಆಳಕ್ಕೆ ಹಾಕಿದ್ರಿ ಸ್ವಾಮಿ?" ಎಂದು ಬೀಜದಮ್ಮ ಕೇಳಿದಳು.

"ಎರಡೂವರೆ ಸೆಂಟಿಮೀಟರ್. ಸರಿಯಾಗಿ." ಅಂಥ ಹೊತ್ತಿನಲ್ಲೂ ಅದನ್ನು ಹೇಳುವಾಗ ನನಗೆ ಸ್ವಲ್ಪ ಹೆಮ್ಮೆಯಾಯಿತು.

"ಅದು ಬೆಳಕು ಕಂಡ್ರೆ ಮಾತ್ರ ಮೊಳೆಯೋ ಬೀಜ. ಅವತ್ತೇ ಹೇಳಿದ್ದೆ."

ಸಾಹೇಬರು ಕಡತಕ್ಕೆ ಲಗತ್ತಿಸಿದ್ದ ಖಾಲಿ ಪೊಟ್ಟಣವನ್ನು ತಿರುಗಿಸಿ ಗಟ್ಟಿಯಾಗಿ ಓದಿದರು: "ಬೀಜದ ಮೇಲೆ ಮಣ್ಣು ಮುಚ್ಚಬೇಡಿ. ಎರಡನೆಯ ವರ್ಷ ಹೂ ಬಿಡುತ್ತದೆ. ಬಿಸಿಲಿಗೆ ಎಲೆ ಒಣಗಿದರೆ ಗಿಡ ಸತ್ತಿತೆಂದು ಕೀಳಬೇಡಿ, ತಂಪಿಗೆ ಮತ್ತೆ ಏಳುತ್ತದೆ." ಕನ್ನಡಕದ ಮೇಲಿಂದ ನೋಡಿದರು. "ಅಕ್ಷರ ತೀರಾ ಚಿಕ್ಕದಾಗಿತ್ತೇನ್ರೀ?"

"ಇಲ್ಲ ಸಾರ್," ಎಂದೆ. "ನಿಯಮಕ್ಕೆ ಸರಿಯಾಗಿದೆ. ನಾನೇ ಅಳೆದಿದ್ದೀನಿ."

ಗೋದಾಮಿನ ಆದೇಶ ಮರುದಿನವೇ ಬಂತು. ನಮ್ಮ ಇಲಾಖೆಯಲ್ಲಿ ಅಷ್ಟು ಬೇಗ ಹೊರಟ ಕಾಗದ ಅದೊಂದೇ. ಕೊನೆಯ ಕೆಲಸವಾಗಿ, ಒತ್ತಿದ ಮುದ್ರೆಯನ್ನು ಒತ್ತಿದವನೇ ಒಡೆಯಬೇಕೆಂದು ಬರೆದಿದ್ದರು.

ಸಂಜೆ ಬೀಜದಮ್ಮನ ಅಂಗಡಿಗೆ ಹೋದೆ. ಡ್ರಾಯರುಗಳ ಹಿಡಿಗಳಲ್ಲಿ ಜೇಡ ಬಲೆ ಕಟ್ಟಿತ್ತು. ತಕ್ಕಡಿಯ ಮೇಲೆ ಮಾತ್ರ ಒಗೆದ ಬಿಳಿ ಬಟ್ಟೆ ಹೊದಿಸಿತ್ತು. ಬಟ್ಟೆ ತೆಗೆದೆ. ಹಿತ್ತಾಳೆ ಮಿರಮಿರ ಮಿಂಚುತ್ತಿತ್ತು. ತಂತಿಯ ಸಂದುಗಳಲ್ಲಿ ಬೆರಳು ತೂರಿಸಿ ದಿನಾ ಉಜ್ಜಿದ್ದಳು. ಇಕ್ಕಳದಿಂದ ತಂತಿ ಕತ್ತರಿಸಿದೆ. ಅಭ್ಯಾಸಬಲದಿಂದ ಚೀಲದ ಕಲ್ಲುಗಳನ್ನು ತೆಗೆದು ಒಂದೊಂದಾಗಿ ಇಟ್ಟೆ. ಮುಳ್ಳು ಒಂದು ಸಲ ತೂಗಿ ನಟ್ಟನಡುವೆ ನಿಂತಿತು. ಒಂದು ವರ್ಷ ಕಟ್ಟಿಹಾಕಿದ್ದ ತಕ್ಕಡಿ ಕೂದಲೆಳೆಯಷ್ಟೂ ಆಚೀಚೆ ಆಗಿರಲಿಲ್ಲ.

ಕಲ್ಲುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡೆ. ಬೀಜದಮ್ಮ ಗಲ್ಲಾದ ಕೆಳಗಿನಿಂದ ಒಂದು ಪೊಟ್ಟಣ ತೆಗೆದು ಮುಂದಿಟ್ಟಳು. ಅದೇ ಪೊಟ್ಟಣ, ಮುನ್ನೂರು ಬೀಜ.

"ಆ ಕಡೆ ಬಂದಿರೋ ಗಿಡ ಕೀಳೋಕೆ ಹೋಗ್ಬೇಡಿ, ಬೇರು ಆಳಕ್ಕೆ ಹೋಗಿರುತ್ತೆ, ಅವರ ಹತ್ರಾನೇ ಇರಲಿ. ಇದನ್ನ ಹಾಕಿ," ಎಂದಳು. "ಮೂರು ವಿಷಯ ನೆನಪಿಟ್ಕೊಳ್ಳಿ ಸ್ವಾಮಿ."

ಈ ಸಲ ಕೈಗಳನ್ನು ಹಿಂದೆ ಕಟ್ಟಿಕೊಂಡು ಮೂರನ್ನೂ ಕೇಳಿದೆ. ಹೇಳುವಾಗ ಆಕೆಯ ದನಿ ಹೋದ ವರ್ಷದಷ್ಟೇ ಸಮಾಧಾನವಾಗಿತ್ತು. ಒಂದು ಮಾತು ಬೈದಿದ್ದರೂ ಸಾಕಿತ್ತು ನನಗೆ.

ಮನೆಗೆ ಬರುವ ದಾರಿಯಲ್ಲಿ ನನಗೆ ಬಂದಷ್ಟು ಸಿಟ್ಟು ಜನ್ಮದಲ್ಲಿ ಬಂದಿರಲಿಲ್ಲ. ಗೇಟು ಒದ್ದು ತೆಗೆದೆ. ಚಪ್ಪಲಿಯನ್ನು ಎರಡು ದಿಕ್ಕಿಗೆ ಎಸೆದೆ.

"ಇವತ್ತು ಯಾರ ಮೇಲೆ?" ಎಂದು ಅಡುಗೆಮನೆಯಿಂದ ಕೇಳಿತು.

ಬಾಯಿ ತೆರೆದೆ. ಯಾರನ್ನು ಹೇಳುವುದೆಂದು ತಿಳಿಯಲಿಲ್ಲ. ಪೋಸ್ಟ್‌ಮಾಸ್ಟರನ್ನು ನೆನೆಸಿಕೊಂಡೆ, ಸಾಹೇಬರನ್ನು ನೆನೆಸಿಕೊಂಡೆ, ಜಮಖಾನವನ್ನೂ ನೆನೆಸಿಕೊಂಡೆ. ಯಾರೂ ಸರಿತೂಗಲಿಲ್ಲ.

ಹೆಂಡತಿ ಬಾಗಿಲಿಗೆ ಬಂದು ನನ್ನ ಮುಖ ನೋಡಿದಳು. ಒಂದು ವರ್ಷದ ನಂತರ ಅವಳ ಕೈಯಲ್ಲಿ ಚಹಾದ ಲೋಟ ಇತ್ತು.

"ಹಾಗಾದ್ರೆ ಹೋಗಿ ಕನ್ನಡಿ ಮುಂದೆ ನಿಂತು ಬೈದು ಮುಗಿಸ್ಕೊಂಡು ಬನ್ನಿ," ಎಂದಳು. "ಚಹಾ ಆರೋದ್ರೊಳಗೆ."